ಶಾನ್, ಪಿಂಗು, ಓಗಿ, ಮಾಶಾ: ನಾಲ್ಕು ಭಾಷೆಯ ಮಕ್ಕಳು ಒಟ್ಟಿಗೆ ಕೂತು ನೋಡಿದ ಕಾರ್ಟೂನ್‌ಗಳು

ನಮ್ಮ ಕಾಸರಗೋಡು ಕಡೆ ಮಕ್ಕಳಿಗೆ ಕಾರ್ಟೂನ್ ಹಾಕಿ ಕೊಡುದು ಬೇರೆ ಊರಿನಷ್ಟು ಸುಲಭ ಅಲ್ಲ, ಯಾಕಂದ್ರೆ ಮೊದ್ಲು ಬರುವ ಪ್ರಶ್ನೆಯೇ ಯಾವ ಭಾಷೆದು ಹಾಕುದು ಅಂತ. ನಾವಿರುದು ಬದಿಯಡ್ಕದ ಹತ್ರ, ಮಗಳು ಹೋಗುದು ಕನ್ನಡ ಮೀಡಿಯಂ ಶಾಲೆಗೆ, ನಾದಿನಿಯ ಮಕ್ಕಳು ಪಯ್ಯನ್ನೂರಲ್ಲಿ ಬೆಳೆದವರು ಅವ್ರಿಗೆ ಮಲಯಾಳ ಬರುವಷ್ಟು ಸಲೀಸಾಗಿ ಕನ್ನಡ ಬರುದಿಲ್ಲ, ಪಕ್ಕದ ಮನೆಯಿಂದ ಬರುವ ಹುಡುಗ ತುಳುವಿನವ, ಅವನ ದೋಸ್ತಿ ಒಬ್ಬ ಬ್ಯಾರಿ ಭಾಷೆ ಮಾತಾಡುವ ಮನೆಯ ಹುಡುಗ. ಏಪ್ರಿಲ್ ಮೇ ರಜೆ ಬಂತೆಂದ್ರೆ ಇವ್ರೆಲ್ಲ ಒಂದೇ ಚಾವಡಿಯಲ್ಲಿ, ಒಂದೇ ಟಿವಿ ಎದುರು. ಮಲಯಾಳದ ಕೊಚ್ಚು ಟಿವಿ ಹಾಕಿದ್ರೆ ನಾಲ್ಕು ವರ್ಷದ ನನ್ನ ಮಗ ಅರ್ಧದಲ್ಲೇ ಎದ್ದು ಹೋಗ್ತಾನೆ, ಕನ್ನಡದ ಚಿಂಟು ಟಿವಿ ಹಾಕಿದ್ರೆ ಪಯ್ಯನ್ನೂರಿನವ್ರಿಗೆ ಬೋರು, ಹಿಂದಿ ಹಾಕಿದ್ರೆ ಯಾರಿಗೂ ಪೂರ್ತಿ ತಲೆಗೆ ಹೋಗುದಿಲ್ಲ. ಚಿಂಟು 2009ರಲ್ಲಿ ಶುರುವಾದದ್ದು, ಕೊಚ್ಚು 2011ರಲ್ಲಿ, ಎರಡೂ ಸನ್ ನೆಟ್‌ವರ್ಕಿನದ್ದೇ, ನಮ್ಮಲ್ಲಿ ಒಂದೇ ಸೋಫಾದಲ್ಲಿ ಎರಡಕ್ಕೂ ಜನ ಉಂಟು.

ಹಾಗಾಗಿ ನಾನು ಮಾತೇ ಇಲ್ಲದ, ಇದ್ರೂ ಅರ್ಥ ಆಗ್ಬೇಕಂತಿಲ್ಲದ ಕಾರ್ಟೂನ್ ಹುಡುಕಿ ಹುಡುಕಿ ಹಾಕ್ಲಿಕ್ಕೆ ಶುರು ಮಾಡಿದೆ. ಕೊನೆಗೆ ನಾಲ್ಕು ನಿಂತ್ವು. ಇಂಗ್ಲೆಂಡಿನ ಶಾನ್ ದ ಶೀಪ್, ಸ್ವಿಟ್ಜರ್‌ಲೆಂಡಿನ ಪಿಂಗು, ಫ್ರಾನ್ಸಿನ ಓಗಿ ಅಂಡ್ ದ ಕಾಕ್ರೋಚಸ್, ರಷ್ಯಾದ ಮಾಶಾ ಅಂಡ್ ದ ಬೇರ್. ನಾಲ್ಕೂ ಸಣ್ಣ ಸಣ್ಣ ಎಪಿಸೋಡು, ಪಿಂಗು ಐದು ನಿಮಿಷ, ಉಳಿದದ್ದು ಏಳು ನಿಮಿಷದ ಆಸುಪಾಸು, ಊಟಕ್ಕೆ ಕರೆದ್ರೆ "ಇದೊಂದು ಮುಗೀಲಿ" ಅಂದ್ರೂ ಕಾಯ್ಬಹುದು. ಎರಡು ರೀತಿಯಲ್ಲಿ ನೋಡಿದೆ. ಒಂದು, ಟಿವಿಯ ಸೌಂಡ್ ಪೂರ್ತಿ ಬಂದ್ ಮಾಡಿ ಹಾಕುದು, ಆಗ್ಲೂ ಮಕ್ಕಳು ನಗ್ತಾರಾ ಅಂತ. ಇನ್ನೊಂದು, ಮರುದಿನ ಬೆಳಿಗ್ಗೆ ದೋಸೆ ತಿನ್ನುವಾಗ "ನಿನ್ನೆ ಎಂತ ಆಯ್ತು ಅದ್ರಲ್ಲಿ?" ಅಂತ ಕೇಳುದು. ಇದ್ರಲ್ಲಿ ಎರಡನೇದ್ದೇ ನನಗೆ ಮುಖ್ಯ. ಕಾರ್ಟೂನ್ ನೋಡಿ ಮಕ್ಕಳ ಬಾಯಿ ತೆರೀಬೇಕು, ಮುಚ್ಚಬಾರ್ದು ಅನ್ನುದು ನನ್ನ ಗಟ್ಟಿ ಅಭಿಪ್ರಾಯ.

ಓಗಿಯಿಂದ ಶುರು ಮಾಡ್ತೇನೆ, ಯಾಕಂದ್ರೆ ಎಲ್ಲ ಮಕ್ಕಳಿಗೂ ಮೊದ್ಲೇ ಗೊತ್ತಿದ್ದದ್ದು ಅದೇ. ನೀಲಿ ಬೆಕ್ಕು ಓಗಿ, ಅದ್ರ ಮನೆಯಲ್ಲಿ ಜೋಯಿ, ಡೀ ಡೀ, ಮಾರ್ಕಿ ಅಂತ ಮೂರು ಜಿರಳೆ, ಫ್ರಿಜ್ ಖಾಲಿ ಮಾಡುದೇ ಅವುಗಳ ಕಸುಬು. ಅಮೆರಿಕದ ರಮೋನ್ಸ್ ಅನ್ನುವ ರಾಕ್ ಬ್ಯಾಂಡಿನವ್ರ ಹೆಸ್ರನ್ನೇ ಈ ಜಿರಳೆಗಳಿಗೆ ಇಟ್ಟದ್ದಂತೆ. 1998ರಲ್ಲಿ ಗೋಮೋಂ ಅನ್ನುವ ಕಂಪನಿ ಶುರು ಮಾಡಿದ್ದು, ಆಮೇಲೆ ಶಿಲಾಂ ಅನ್ನುವ ಸ್ಟುಡಿಯೋ ಮುಂದುವರಿಸಿದ್ದು. ಮೂಲದಲ್ಲಿ ಮಾತೇ ಇಲ್ಲ, ಬರೀ ಕಿರುಚಾಟ, ನಗು, ಡಬ್ ಡಬ್ ಹೊಡೆತ. ಆದ್ರೆ ನಮ್ಮ ದೇಶದ ಟಿವಿಯಲ್ಲಿ ಬರುವಾಗ ಅದಕ್ಕೆ ಹಿಂದಿ ಮಾತು ಸೇರಿಸಿದ್ರು, ಅದೂ ಬಾಲಿವುಡ್ ಹೀರೋಗಳ ಮಿಮಿಕ್ರಿ ಸ್ವರದಲ್ಲಿ, ಓಗಿ ಶಾರುಖ್ ಖಾನ್ ಥರ ಮಾತಾಡ್ತದೆ. ಹಿಂದಿ ಗೊತ್ತಿದ್ದವ್ರಿಗೆ ಅದು ಬಹಳ ಮಜಾ, ನನಗೂ ನಗು ಬಂತು. ಆದ್ರೆ ನಮ್ಮ ಚಾವಡಿಯಲ್ಲಿ ಎಂತ ಆಯ್ತು ಅಂದ್ರೆ ಸ್ವಲ್ಪ ಹಿಂದಿ ಬರುವ ನಾದಿನಿಯ ದೊಡ್ಡ ಮಗ ಮಾತ್ರ ನಗ್ತಾನೆ, ಉಳಿದವ್ರು ಅವನ ಮುಖ ನೋಡ್ತಾರೆ. ಸೌಂಡ್ ಬಂದ್ ಮಾಡಿದ್ಮೇಲೆ ಎಲ್ರೂ ಒಟ್ಟಿಗೆ ನಗ್ಲಿಕ್ಕೆ ಶುರು ಮಾಡಿದ್ರು. ಅಂದ್ರೆ ಆ ಚಿತ್ರದ ಕೆಲ್ಸ ಅಷ್ಟು ಒಳ್ಳೇದುಂಟು, ಓಡುದು, ಬೀಳುದು, ಬಾಗಿಲಿಗೆ ಚಪ್ಪಟೆಯಾಗುದು ಎಲ್ಲದ್ರ ಟೈಮಿಂಗ್ ಪಕ್ಕಾ. ಬೆಳಿಗ್ಗೆ ಕೇಳಿದ್ರೆ ಮಾತ್ರ ಉತ್ತರ ಒಂದೇ, "ಜಿರಳೆ ಓಡಿತು, ಬೆಕ್ಕು ಹೊಡೀತು". ಅಷ್ಟೇ. ಮತ್ತೆ ಇಡೀ ದಿನ ಮನೆಯಲ್ಲಿ ಹಿಡಿಸೂಡಿ ಹಿಡ್ಕೊಂಡು ಒಬ್ರಿಗೊಬ್ರು ಹೊಡೆಯುದು. ವಾರಕ್ಕೊಂದು ಸಲ ಸಾಕು ಅದು.

ಮಾಶಾ ಬೇರೆಯೇ ಥರ. 2009ರಲ್ಲಿ ಬಂದದ್ದು, ರಷ್ಯಾದ ಜಾನಪದ ಕಥೆಯ ಹುಡುಗಿ ಮತ್ತೆ ಕರಡಿಯನ್ನೇ ತಗೊಂಡು ಮಾಡಿದ್ದು. ಕರಡಿ ಸರ್ಕಸ್ಸಿನಿಂದ ರಿಟೈರ್ ಆಗಿ ಕಾಡಲ್ಲಿ ಸಣ್ಣ ಮನೆ, ತರಕಾರಿ ತೋಟ, ಜೇನುಪೆಟ್ಟಿಗೆ ಅಂತ ಇಟ್ಕೊಂಡು ನೆಮ್ಮದಿಯಲ್ಲಿರ್ತದೆ, ತಲೆಗೆ ವಸ್ತ್ರ ಕಟ್ಟಿದ ಈ ಪುಟ್ಟಿ ಹೋಗಿ ಎಲ್ಲ ಬುಡಮೇಲು ಮಾಡ್ತದೆ. ಗಂಜಿ ಬೇಯಿಸ್ಲಿಕ್ಕೆ ಹೋಗಿ ಉಕ್ಕಿ ಉಕ್ಕಿ ಮನೆ ತುಂಬ ಗಂಜಿಯಾಗುವ ಎಪಿಸೋಡ್ ಒಂದುಂಟಲ್ಲ, ಅದನ್ನು ಯೂಟ್ಯೂಬಲ್ಲಿ 400 ಕೋಟಿಗಿಂತ ಹೆಚ್ಚು ಸಲ ನೋಡಿದ್ದಾರೆ, ಅದ್ರಲ್ಲಿ ನಮ್ಮ ಮನೆಯದ್ದೂ ಸುಮಾರು ಸೇರಿದೆ. ಇಲ್ಲಿ ಕರಡಿಗೆ ಮಾತಿಲ್ಲ, ಗುರ್ ಗುರ್ ಮತ್ತೆ ಮುಖಭಾವ ಮಾತ್ರ, ಮಾಶಾ ಮಾತ್ರ ವಟವಟ ಮಾತಾಡ್ತಾಳೆ. ಸೌಂಡ್ ಇಲ್ಲದೆ ನೋಡಿದ್ರೆ ಕರಡಿಯ ಕಥೆ ಪೂರ್ತಿ ಅರ್ಥ ಆಗ್ತದೆ, ಮಾಶಾಳದ್ದು ಅರ್ಧ. ಅವಳು ಯಾಕೆ ಹಾಗೆ ಮಾಡಿದ್ಲು ಅನ್ನುದು ಮಾತಲ್ಲಿರ್ತದೆ, ಅದು ತಪ್ಪಿ ಹೋಗ್ತದೆ. ಆದ್ರೂ ನನ್ನ ಮಗಳಿಗೆ ಕರಡಿ ಬಹಳ ಇಷ್ಟ. ಅಷ್ಟು ದೊಡ್ಡ ಪ್ರಾಣಿ ಸಿಟ್ಟು ಬಂದ್ರೂ ನುಂಗಿಕೊಂಡು ಮತ್ತೆ ಬಕೆಟ್ ತಗೊಂಡು ಕ್ಲೀನ್ ಮಾಡ್ತದಲ್ಲ, ಅದನ್ನು ಅವಳು ಎಷ್ಟು ಚಂದ ಹೇಳ್ತಾಳೆ ಗೊತ್ತುಂಟಾ. ಬಣ್ಣ, ಬೆಳಕು, ಕಾಡಿನ ಹಿಮ, ಕರಡಿಯ ರೋಮ, ನೋಡ್ಲಿಕ್ಕೆ ನಾಲ್ಕರಲ್ಲಿ ಅತ್ಯಂತ ಚಂದ ಇದೇ ಅಂತ ನಾನು ಒಪ್ತೇನೆ.

ಪಿಂಗು ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಅಂಟಾರ್ಕ್ಟಿಕಾದ ಪೆಂಗ್ವಿನ್ ಮರಿ, ಮಣ್ಣಿನ ಗೊಂಬೆ, ಸೀರೀಸ್ ಶುರುವಾದದ್ದು 1990ರಲ್ಲಿ, ಮಾಡಿದ್ದು ಓಟ್ಮಾರ್ ಗುಟ್ಮನ್. ಅಪ್ಪ ಪೋಸ್ಟ್‌ಮ್ಯಾನು, ತಂಗಿ ಪಿಂಗಾ, ದೋಸ್ತಿ ರಾಬಿ ಅನ್ನುವ ಸೀಲ್. ಇದ್ರಲ್ಲಿ ಮಾತುಂಟು, ಆದ್ರೆ ಪ್ರಪಂಚದ ಯಾವ ಭಾಷೆಯೂ ಅಲ್ಲ. ಮೊದಲ ನಾಲ್ಕು ಸೀಸನ್ನಿನ ಎಲ್ಲ ಪಾತ್ರದ ಸ್ವರ ಇಟಲಿಯ ಕಾರ್ಲೋ ಬೊನೋಮಿ ಒಬ್ರೇ ಕೊಟ್ಟದ್ದು, ಬರೆದಿಟ್ಟ ಡೈಲಾಗೇ ಇಲ್ಲ, ಬಾಯಿಗೆ ಬಂದ ಹಾಗೆ ಬಡಬಡಿಸಿದ್ದು. ಒಂದೇ ಗೆರೆ ಎಳೆದು ಅದ್ರಲ್ಲೇ ಒಬ್ಬ ಮನುಷ್ಯ ನಡ್ಕೊಂಡು ಹೋಗುವ ಲಾ ಲೀನಿಯಾ ನೋಡಿದವ್ರಿದ್ರೆ, ಅದ್ರ ಸ್ವರವೂ ಇವ್ರದ್ದೇ. ಮಜಾ ಎಂತ ಅಂದ್ರೆ ಅಮ್ಮ ಬೈಯುದು ಬೈದ ಹಾಗೇ ಕೇಳ್ತದೆ, ಅಪ್ಪ ಸಮಾಧಾನ ಮಾಡುದು ಸಮಾಧಾನದ ಹಾಗೇ ಕೇಳ್ತದೆ. ನನ್ನ ಮಗನಿಗೆ ಅದು ಕನ್ನಡ ಅಂತಲೇ ನಂಬಿಕೆ, ಪಯ್ಯನ್ನೂರಿನ ಸಣ್ಣವಳು ಅದು ಮಲಯಾಳ ಅಂತ ಹಟ ಹಿಡಿದು ಇಬ್ರೂ ಜಗಳಾಡಿದ್ದುಂಟು. ಪಿಂಗು ಕೊಕ್ಕನ್ನು ಪೀಪಿಯ ಹಾಗೆ ಉದ್ದ ಮಾಡಿ "ನೂಟ್ ನೂಟ್" ಅಂತದಲ್ಲ, ಆ ರಜೆ ಇಡೀ ನಮ್ಮ ತೋಟದಲ್ಲಿ ಅದೇ ಸದ್ದು.

ಇದಕ್ಕೆ ಸೌಂಡ್ ಬಂದ್ ಮಾಡಿದ್ರೆ ಜೀವವೇ ಹೋಗ್ತದೆ, ಅದನ್ನು ಮಾಡ್ಬೇಡಿ. ಆದ್ರೆ ಮರುದಿನ ಕೇಳಿದ್ರೆ ಸಣ್ಣ ಮಕ್ಕಳು ಅತಿ ಚೆನ್ನಾಗಿ ಹೇಳಿದ್ದು ಪಿಂಗುವಿನ ಕಥೆ. ಮನೆಗೆ ಮೊಟ್ಟೆ ಬಂದು ಅದ್ರಿಂದ ಪಿಂಗಾ ಹೊರಗೆ ಬರುವ ಎಪಿಸೋಡು, ತಂಗಿ ಬಂದ್ಮೇಲೆ ಪಿಂಗುವಿಗೆ ಹೊಟ್ಟೆಕಿಚ್ಚು, ಮನೆ ಬಿಟ್ಟು ಹೋಗುದು, ಇದೆಲ್ಲ ಅವ್ರ ಬದುಕಿನದ್ದೇ ಸಂಗತಿ. ಪಿಂಗು ತಪ್ಪು ಮಾಡ್ತಾನೆ, ಸುಳ್ಳು ಹೇಳ್ತಾನೆ, ಪೆಟ್ಟು ತಿಂತಾನೆ, ಅಳ್ತಾನೆ, ಆಮೇಲೆ ಅಮ್ಮ ತಬ್ಬಿಕೊಳ್ತಾಳೆ. ಯಾರೂ ಪಾಠ ಹೇಳುದಿಲ್ಲ. ಒಂದು ಎಚ್ಚರಿಕೆ, ಪಿಂಗುವಿನ ಮಂಚಕ್ಕೆ ಕಾಲು ಬಂದು ಹೊರಗೆ ನಡ್ಕೊಂಡು ಹೋಗುವ ಕನಸಿನ ಎಪಿಸೋಡ್ ಒಂದುಂಟು, ಅದ್ರಲ್ಲಿ ದೈತ್ಯ ಪ್ರಾಣಿಯೊಂದು ಬರ್ತದೆ, ರಾತ್ರಿ ಮಲಗುವ ಮೊದ್ಲು ಖಂಡಿತ ಹಾಕ್ಬೇಡಿ.

ಮತ್ತೆ ಶಾನ್. ನನ್ನ ಮಟ್ಟಿಗೆ ಇದ್ರ ಹತ್ರ ಬೇರೆ ಯಾವುದೂ ಬರುದಿಲ್ಲ. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದ್ದು, 1995ರ ವಾಲೇಸ್ ಅಂಡ್ ಗ್ರೋಮಿಟ್ ಕಿರುಚಿತ್ರವೊಂದರಲ್ಲಿ ಸಣ್ಣ ಪಾತ್ರವಾಗಿ ಬಂದ ಕುರಿ, 2007ರಲ್ಲಿ ತನ್ನದೇ ಸೀರೀಸ್ ಆಯ್ತು. ಒಂದು ಫಾರ್ಮು, ಒಬ್ಬ ಕನ್ನಡಕದ ಯಜಮಾನ, ಕುರಿ ಮಂದೆ, ಕಾವಲಿಗೆ ಬಿಟ್ಜರ್ ಅನ್ನುವ ನಾಯಿ. ಯಜಮಾನ ಮನುಷ್ಯ, ಆದ್ರೆ ಅವನಿಗೂ ಮಾತಿಲ್ಲ, ಗೊಣಗುದು ಮಾತ್ರ. ಅಂದ್ರೆ ನೋಡಿ, ಇಲ್ಲಿ ಮನುಷ್ಯ, ನಾಯಿ, ಕುರಿ, ಹಂದಿ ಎಲ್ರೂ ಒಂದೇ ಮಟ್ಟದಲ್ಲಿ. ಒಂದೇ ನಿಯಮ, ಯಜಮಾನ ತಿರುಗಿ ನೋಡುವಾಗ ಎಲ್ಲ ಕುರಿಗಳೂ ಕುರಿಗಳ ಹಾಗೇ ಹುಲ್ಲು ತಿಂತಾ ಇರ್ಬೇಕು. ಅವನು ಆಚೆ ಹೋದ ತಕ್ಷಣ ಎದ್ದು ನಿಂತು ಕ್ಯಾಬೇಜಲ್ಲಿ ಫುಟ್‌ಬಾಲ್ ಆಡ್ಲಿಕ್ಕೆ ಶುರು. ಪಿಜ್ಜಾ ತಿನ್ಬೇಕಂತ ಒಂದ್ರ ಮೇಲೊಂದು ಹತ್ತಿ ಮನುಷ್ಯನ ಬಟ್ಟೆ ಹಾಕಿ ಪೇಟೆಗೆ ಹೋಗುದು ಇನ್ನೊಂದರಲ್ಲಿ, ಅದಕ್ಕೆ ನಮ್ಮಲ್ಲಿ ಮಕ್ಕಳು ಹೊಟ್ಟೆ ಹಿಡ್ಕೊಂಡು ನಕ್ಕದ್ದು.

ಇದ್ರಲ್ಲಿ ನಾನು ಅತಿ ಇಷ್ಟಪಟ್ಟದ್ದು ಶಾನ್‌ನನ್ನಲ್ಲ, ಬಿಟ್ಜರ್‌ನನ್ನು. ತಲೆಗೆ ಟೋಪಿ, ಕೈಗೆ ವಾಚು, ಕುತ್ತಿಗೆಯಲ್ಲಿ ವಿಸಿಲು, ಕೈಯಲ್ಲಿ ಲೆಕ್ಕದ ಹಲಗೆ. ಯಜಮಾನನಿಗೆ ನಿಯತ್ತೂ ಬೇಕು, ಕುರಿಗಳ ದೋಸ್ತಿಯೂ ಬೇಕು. ನನ್ನ ಅತ್ತೆಗೆ ಕಾರ್ಟೂನ್ ಅಂದ್ರೆ ಆಗ್ತಿರ್ಲಿಲ್ಲ, ಅಡಿಕೆ ಸುಲಿತಾ ಸುಲಿತಾ ಓರೆಗಣ್ಣಲ್ಲಿ ನೋಡ್ತಿದ್ದವ್ರು ಒಂದಿನ "ಇದು ನಮ್ಮ ತೋಟದ ಮೇಸ್ತ್ರಿಯ ಹಾಗೇ, ಧನಿಯದ್ದೂ ಬೈಗುಳ ಆಳುಗಳದ್ದೂ ಬೈಗುಳ, ಪಾಪ" ಅಂದ್ರು. ಅಲ್ಲಿಂದ ಅತ್ತೆಗೆ ಅದ್ರದ್ದೇ ಚಿಂತೆ, "ಇವತ್ತು ನಾಯಿ ಸಿಕ್ಕಿಬಿತ್ತಾ?" ಅಂತ ಮಕ್ಕಳನ್ನು ಕೇಳುದು. ಕೂದಲಿಗೆ ಕರ್ಲರ್ ಸುತ್ತಿಕೊಂಡೇ ಇರುವ, ಕುರಿಮರಿ ಟಿಮ್ಮಿಯ ಅಮ್ಮ, ಸಿಕ್ಕಿದ್ದೆಲ್ಲ ತಿನ್ನುವ ದಪ್ಪದ ಕುರಿ ಶರ್ಲಿ, ಗೋಡೆಯಾಚೆಯಿಂದ ಕಿಚಾಯಿಸುವ ಹಂದಿಗಳು, ಯಾರಿಗೂ ಒಂದು ಶಬ್ದದ ಮಾತಿಲ್ಲ, ಆದ್ರೆ ಒಬ್ಬೊಬ್ರ ಗುಣ ಎಷ್ಟು ಸ್ಪಷ್ಟ! ಸೌಂಡ್ ಬಂದ್ ಮಾಡಿದ್ರೂ ಹೆಚ್ಚೇನೂ ಕಮ್ಮಿ ಆಗುದಿಲ್ಲ, ಕಣ್ಣುಗುಡ್ಡೆ ಸ್ವಲ್ಪ ಆಚೆ ಸರಿದ್ರೆ ಸಾಕು, ಎಂತದೋ ಉಪಾಯ ಹೊಳೀತು ಅಂತ ಗೊತ್ತಾಗ್ತದೆ. ಗೊಂಬೆಯನ್ನು ಒಂಚೂರು ಸರಿಸಿ ಒಂದು ಫೋಟೋ, ಮತ್ತೆ ಒಂಚೂರು ಸರಿಸಿ ಇನ್ನೊಂದು, ದಿನವಿಡೀ ಕೂತ್ರೂ ಸಿಗುದು ಕೆಲವೇ ಸೆಕೆಂಡಿನ ಚಿತ್ರ, ಅಷ್ಟು ತಾಳ್ಮೆಯ ಕೆಲ್ಸ ಅದು. ಮಗಳಿಗೆ ಇದನ್ನು ಹೇಳಿದ್ಮೇಲೆ ಗದ್ದೆ ಮಣ್ಣಲ್ಲಿ ಕುರಿ ಮಾಡಿ ಮೊಬೈಲಲ್ಲಿ ಫೋಟೋ ತೆಗ್ದು ಓಡಿಸಿ ನೋಡಿದ್ಲು, ಅಡಿಕೆ ಹಾಳೆಯನ್ನು ಬಗ್ಗಿಸಿ ಕೊಟ್ಟಿಗೆಯೂ ಆಯ್ತು.

ಬೆಳಿಗ್ಗೆಯ ಪ್ರಶ್ನೆಗೆ ಶಾನ್‌ನಷ್ಟು ಉತ್ತರ ಯಾವುದಕ್ಕೂ ಬರ್ಲಿಲ್ಲ. ಒಂದೇ ಎಪಿಸೋಡನ್ನು ಮಗಳು ಕನ್ನಡದಲ್ಲಿ, ನಾದಿನಿಯ ಮಗ ಮಲಯಾಳದಲ್ಲಿ, ಪಕ್ಕದ ಮನೆಯವ ತುಳುವಿನಲ್ಲಿ ಹೇಳುದು, ಮತ್ತೆ ಮೂರೂ ಬೇರೆ ಬೇರೆ. ಹಂದಿ ನಕ್ಕದ್ದು ಶಾನ್ ಬಿದ್ದದ್ದಕ್ಕೆ ಅಂತ ಒಬ್ರು, ಅಲ್ಲ ಯಜಮಾನನ ಚಡ್ಡಿ ನೋಡಿ ಅಂತ ಇನ್ನೊಬ್ರು. ಬಾಯಿಯ ಮಾತು ಬರೆದಿಡದೆ ಇರುದ್ರಿಂದ ಆ ಜಾಗವನ್ನು ಮಕ್ಕಳೇ ತುಂಬಿಸ್ತಾರೆ, ಜಗಳಾಡುವಾಗ ಒಬ್ರ ಭಾಷೆ ಇನ್ನೊಬ್ರಿಗೆ ತಗಲ್ತದೆ. ಆ ರಜೆ ಮುಗಿಯುವಾಗ ಪಯ್ಯನ್ನೂರಿನ ಸಣ್ಣವಳು "ಕುರಿ ಓಡಿ ಹೋಯ್ತು ಮಾವ" ಅಂತ ನನ್ನ ಗಂಡನ ಹತ್ರ ಪೂರ್ತಿ ಕನ್ನಡದಲ್ಲಿ ಹೇಳಿದ್ದು ಇದ್ರಿಂದಲೇ ಅಂತ ನಾನು ಅಂದ್ಕೊಂಡಿದ್ದೇನೆ.

ಮಾತಿರುವ ಕಾರ್ಟೂನ್ ಬೇಡವಾ ಅಂತ ಕೇಳಿದ್ರೆ, ಬೇಕು. ಆಸ್ಟ್ರೇಲಿಯಾದ ಬ್ಲೂಯಿ ಕೂಡ ಹಾಕಿ ನೋಡಿದೆವು, 2018ರದ್ದು, ನಾಯಿಮರಿಗಳ ಸಂಸಾರ, ಅಪ್ಪ ಅಮ್ಮ ಮಕ್ಕಳ ಜೊತೆ ಆಟ ಆಡುದನ್ನು ಅಷ್ಟು ಚಂದ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡ್ಲಿಲ್ಲ. ಇಂಗ್ಲಿಷ್ ಬರುವ ಮಕ್ಕಳಿಗೆ ಅದನ್ನೇ ಹೇಳ್ತೇನೆ. ನಮ್ಮ ಗುಂಪಿಗೆ ಮಾತ್ರ ನಾನು ಮಧ್ಯ ಕೂತು ಅರ್ಥ ಹೇಳ್ತಾ ಇರ್ಬೇಕಾಯ್ತು, ಹೇಳಿ ಮುಗಿಯುವಾಗ ತಮಾಷೆ ಮುಂದೆ ಹೋಗಿರ್ತದೆ.

ಮೂರು ನಾಲ್ಕು ವರ್ಷದವ್ರಿದ್ರೆ ಪಿಂಗುವಿನ ಹಳೇ ಸೀಸನ್‌ಗಳಿಂದ ಶುರು ಮಾಡಿ, ಶಾಲೆಗೆ ಹೋಗುವವ್ರಿಗೆ ಸೀದಾ ಶಾನ್. ನಾವೀಗ ಮಗನಿಗೆ ಟಿಮ್ಮಿ ಟೈಮ್ ಹಾಕ್ತಿದ್ದೇವೆ, 2009ರಲ್ಲಿ ಶಾನ್‌ನಿಂದಲೇ ಕವಲೊಡೆದು ಬಂದ ಸೀರೀಸು, ಕುರಿಮರಿ ಟಿಮ್ಮಿ ನರ್ಸರಿಗೆ ಹೋಗುದು. ಅಲ್ಲಿ ಟೀಚರು ಒಂದು ಗೂಬೆ ಮತ್ತೆ ಒಂದು ಕೊಕ್ಕರೆ, ಮಕ್ಕಳು ಬೆಕ್ಕು, ನಾಯಿ, ಹಂದಿ, ಬಾತುಕೋಳಿ, ನರಿ, ಆಡು, ಒಬ್ಬೊಬ್ರೂ ತಮ್ಮ ತಮ್ಮ ಸ್ವರದಲ್ಲೇ ಮಾತಾಡುದು, ಎಲ್ರಿಗೂ ಎಲ್ಲ ಅರ್ಥ ಆಗುದು. ಈ ರಜೆಗೆ ಯಾರು ಯಾವ ಪ್ರಾಣಿ ಅಂತ ನಮ್ಮಲ್ಲಿ ಈಗಾಗ್ಲೇ ಹಂಚಿ ಆಗಿದೆ, ಹಂದಿ ಆಗ್ಲಿಕ್ಕೆ ಮಾತ್ರ ಯಾರೂ ಒಪ್ತಾ ಇಲ್ಲ.