ರಂಧ್ರಮಯ ಇಂಗಾಲಕ್ಕೆ ‘ಎಮಿಮ್ ಡಿಸಿಎ’: ಎರಡು ಸೀಸೆ ಬಳಸಿದ ಮೇಲಿನ ಅಭಿಪ್ರಾಯ

ವಿದ್ಯುತ್ತನ್ನು ಬೇಗ ತುಂಬಿಸಿ ಬೇಗ ಬಳಸಬಹುದಾದ ಸಾಧನವಾದ ಸೂಪರ್ ಕೆಪಾಸಿಟರ್‌ಗೆ ಬೇಕಾದ ರಂಧ್ರಮಯ ಇಂಗಾಲವನ್ನು ತಯಾರಿಸಲು ನಮ್ಮ ಪ್ರಯೋಗಾಲಯದಲ್ಲಿ ಒಂದು ವರ್ಷದಿಂದ ಬಳಸುತ್ತಿರುವ ‘ಎಮಿಮ್ ಡಿಸಿಎ’ ಎಂಬ ಅಯಾನಿಕ ದ್ರವದ (ಕೋಣೆಯ ತಾಪದಲ್ಲೇ ದ್ರವವಾಗಿರುವ ಲವಣದ) ಪೂರ್ಣ ಹೆಸರು 1-ಇಥೈಲ್-3-ಮೀಥೈಲ್ ಇಮಿಡಜೋಲಿಯಂ ಡೈಸಯನಮೈಡ್. 25 ಗ್ರಾಂನ ಎರಡು ಸೀಸೆಗಳನ್ನು ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕ್ಲೋರೈಡ್ ಅಥವಾ ಟೆಟ್ರಾಫ್ಲೋರೋಬೊರೇಟ್ ಇರುವ ಸಾಮಾನ್ಯ ಅಯಾನಿಕ ದ್ರವಗಳನ್ನು ಸಾರಜನಕದ ಹರಿವಿನಲ್ಲಿ ಕಾಯಿಸಿದರೆ ಅವು ಒಡೆದು ಅನಿಲವಾಗಿ ಹೋಗುತ್ತವೆ. ಬೋಟ್‌ನಲ್ಲಿ (ಕುಲುಮೆಯೊಳಗೆ ಇಡುವ ದೋಣಿಯಾಕಾರದ ಪಾತ್ರೆಯಲ್ಲಿ) ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ. ಇದರಲ್ಲಾದರೋ ನೈಟ್ರೈಲ್ ಗುಂಪುಗಳು (ಇಂಗಾಲ–ಸಾರಜನಕದ ಜೋಡಿಗಳು) ಮೂರು ಮೂರಾಗಿ ಕೂಡಿ, ಇಂಗಾಲ ಸಾರಜನಕಗಳು ಒಂದರ ಪಕ್ಕ ಒಂದಿರುವ ಟ್ರೈಅಜೀನ್ ಉಂಗುರಗಳಾಗುವುದರಿಂದ, ದ್ರವ ಒಡೆದು ಹೋಗುವ ಮೊದಲೇ ಜಾಲವೊಂದು ಹೆಣೆದುಕೊಂಡು ಅದೇ ಇಂಗಾಲವಾಗುತ್ತದೆ. ದ್ರವದ ತೂಕದಲ್ಲಿ ಶೇ. 39ಕ್ಕಿಂತ ಹೆಚ್ಚು ಸಾರಜನಕವೇ ಇರುವುದರಿಂದ ಅದರ ಒಂದು ಪಾಲು ಇಂಗಾಲದಲ್ಲೇ ಸೇರಿಕೊಳ್ಳುವುದು ಇದರ ಬಲು ದೊಡ್ಡ ಲಾಭ.

ಆದರೆ ರಂಧ್ರಗಳು ತಾವಾಗಿ ಬರುವುದಿಲ್ಲ. ಜರ್ಮನಿಯ ಪಾಟ್ಸ್‌ಡಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮಾರ್ಕಸ್ ಆಂಟೋನಿಯೆಟ್ಟಿ ಅವರ ತಂಡವು 2013ರಲ್ಲಿ ಪ್ರಕಟಿಸಿದ ಉಪ್ಪಿನ ಅಚ್ಚಿನ ವಿಧಾನವನ್ನು (ಉಪ್ಪು ಇದ್ದ ಜಾಗವೇ ರಂಧ್ರವಾಗಿ ಉಳಿಯುವ ವಿಧಾನವನ್ನು) ನಾವು ಅನುಸರಿಸಿದೆವು. ದ್ರವಕ್ಕೆ ಸತುವಿನ ಕ್ಲೋರೈಡ್ ಜೊತೆಗೆ ಅಡುಗೆ ಉಪ್ಪಿನಂಥ ಕ್ಷಾರಲೋಹದ ಕ್ಲೋರೈಡ್ ಬೆರೆಸಿ ಕಾಯಿಸಿ, ಕೊನೆಗೆ ಉಪ್ಪನ್ನು ಬರೀ ನೀರಿನಲ್ಲಿ ತೊಳೆದರೆ ಸಾಕು; ಗ್ರಾಂಗೆ 2000 ಚದರ ಮೀಟರ್‌ವರೆಗಿನ ಮೇಲ್ಮೈ ಸಿಗುತ್ತದೆಂದು ಆ ತಂಡ ತೋರಿಸಿತ್ತು. ಸಿಲಿಕಾ ಅಚ್ಚನ್ನು ಕರಗಿಸಲು ಬಲು ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲ ಹಿಡಿದು ಕೆಲಸ ಮಾಡಿದವರಿಗೆ ಇದು ಎಂಥ ನೆಮ್ಮದಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಲುಮೆಯಿಂದ ಹೊರತೆಗೆದಾಗ ಬೋಟ್‌ನ ಅಂಚು ಮೀರಿ ಉಬ್ಬಿದ ಕಪ್ಪು ಗಡ್ಡೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕುಲುಮೆಯ ಕೊಳವೆಯ ತಂಪಾದ ತುದಿಯಲ್ಲಿ ಆವಿಯಾಗಿ ಬಂದ ಸತುವಿನ ಕ್ಲೋರೈಡ್ ಬೆಳ್ಳಗೆ ಅಂಟಿಕೊಂಡಿರುತ್ತದೆ.

ದೂರು ಇರುವುದು ಸರಬರಾಜಿನ ಬಗ್ಗೆ. ಮೊದಲ ಸೀಸೆಯ ದ್ರವ ತೆಳು ಹಳದಿಯಾಗಿತ್ತು, ಎರಡನೆಯದು ಕಾಫಿ ಡಿಕಾಕ್ಷನ್‌ನ ಬಣ್ಣಕ್ಕೆ ತಿರುಗಿತ್ತು. ಶುದ್ಧತೆ ಶೇ. 98 ಎಂದು ಎರಡರ ಮೇಲೂ ಬರೆದಿತ್ತು, ನೀರಿನ ಅಂಶದ ಉಲ್ಲೇಖ ಮಾತ್ರ ಎಲ್ಲಿಯೂ ಇರಲಿಲ್ಲ. ಗಾಳಿಯ ತೇವವನ್ನು ಹೀರುವ ದ್ರವಕ್ಕೆ ಈ ಮಾಹಿತಿಯೇ ಮುಖ್ಯ. ಮಳೆಗಾಲದಲ್ಲಿ ತೆರೆದ ಮೇಜಿನ ಮೇಲೆ ಅರೆದ ಮಿಶ್ರಣ, ಸತುವಿನ ಕ್ಲೋರೈಡ್ ನೀರು ಎಳೆದುಕೊಂಡದ್ದರಿಂದ, ಕಣ್ಣೆದುರೇ ನೀರಾಯಿತು. ಅಂದಿನಿಂದ ಎಲ್ಲವನ್ನೂ ನಿರ್ವಾತದಲ್ಲಿ ಒಣಗಿಸಿ ತೇವದ ಗಾಳಿ ಸೋಕದ ಮುಚ್ಚಿದ ಪೆಟ್ಟಿಗೆಯಾದ ಗ್ಲವ್ ಬಾಕ್ಸ್‌ನಲ್ಲೇ ಬೆರೆಸುತ್ತೇವೆ. ಕಾಯಿಸುವಾಗ ವಿಷಾನಿಲವಾದ ಹೈಡ್ರೋಜನ್ ಸಯನೈಡ್ ಹೊರಬರುವ ಸಾಧ್ಯತೆ ಇರುವುದರಿಂದ ಅನಿಲವನ್ನು ಕ್ಷಾರದ ದ್ರಾವಣದ ಮೂಲಕ ಹಾಯಿಸಿ ಫ್ಯೂಮ್ ಹುಡ್‌ಗೆ ಬಿಡಲೇಬೇಕು.

ಬೆಲೆ ಗ್ಲೂಕೋಸ್, ಮೆಲಮೈನ್‌ಗಳಿಗೆ ಹೋಲಿಸಲಾಗದಷ್ಟು ಹೆಚ್ಚು. ನೀರು ಶೋಧಿಸುವಂಥ ಕೆಲಸಕ್ಕೆ ತೆಂಗಿನ ಚಿಪ್ಪಿನ ಇಂಗಾಲವೇ ಸಾಕು, ಇದನ್ನು ಕೊಳ್ಳಬೇಡಿ. ಅಮೀನಿಗೆ ಆಮ್ಲ ಬೆರೆಸಿದರೆ ಸಿದ್ಧವಾಗುವ ಅಗ್ಗದ ಪ್ರೋಟಿಕ್ ಲವಣಗಳ ದಾರಿಯನ್ನು ಜಪಾನಿನ ಯೊಕೊಹಾಮಾದ ಸಂಶೋಧಕರು 2014ರಲ್ಲಿ ತೋರಿಸಿದ್ದಾರೆ. ದೊಡ್ಡ ಪ್ರಮಾಣ ಬೇಕಾದವರು ಅದನ್ನು ಮೊದಲು ನೋಡುವುದು ಒಳ್ಳೆಯದು. ಸಾರಜನಕ ಬೆರೆತ ವಿದ್ಯುದ್ವಾರದ ಸಂಶೋಧನೆಗೆ ಮಾತ್ರ ನಾನು ಇದನ್ನೇ ಆರಿಸುತ್ತೇನೆ. ಮೂರನೆಯ ಸೀಸೆಗೆ ಬೇರೆಯವರಲ್ಲಿ ಆರ್ಡರ್ ಕೊಟ್ಟಿದ್ದೇವೆ, ನೀರಿನ ಅಂಶವನ್ನು ಲಿಖಿತವಾಗಿ ಕೊಟ್ಟರಷ್ಟೇ ತೆಗೆದುಕೊಳ್ಳುತ್ತೇವೆಂಬ ಷರತ್ತಿನ ಮೇಲೆ.