ಹಿತ್ತಲಲ್ಲಿ ನಾಲ್ಕು ಕಲ್ಲು: ಕರಿಗಲ್ಲಿಗೆ ಸಾಟಿ ಯಾವುದು?

ವಿಜಯಪುರದ ಸಮೀಪದ ನಮ್ಮ ಹಳೆಯ ಮನೆ ಕೆಡವಿದಾಗ ಅಜ್ಜ ಕಟ್ಟಿಸಿದ್ದ ಗೋಡೆಯ ಕರಿಗಲ್ಲುಗಳು ಹಿತ್ತಲ ತುಂಬ ಬಿದ್ದಿದ್ದವು. ಅವನ್ನು ಖಡಿ ಯಂತ್ರಕ್ಕೆ ಕಳುಹಿಸಿ ಅಂಗಳಕ್ಕೆ ಶಹಾಬಾದ್ ಪರಸಿ ಹಾಸೋಣ ಎಂದರು ಗುತ್ತಿಗೆದಾರರು. ನನಗೆ ಮನಸ್ಸು ಒಪ್ಪಲಿಲ್ಲ. ಹಾಗೆಂದು ಬರೀ ಅಭಿಮಾನದಿಂದ ತೀರ್ಮಾನಿಸುವುದೂ ಸರಿಯಲ್ಲ. ನೀರಿನ ತೊಟ್ಟಿಯ ಪಕ್ಕದಲ್ಲಿ ನಾಲ್ಕು ಬಗೆಯ ಕಲ್ಲನ್ನು ಸಾಲಾಗಿ ಹಾಸಿಸಿದೆ: ನಮ್ಮ ಕರಿಗಲ್ಲು ಅಂದರೆ ಬಸಾಲ್ಟ್, ಶಹಾಬಾದ್ ಪರಸಿ, ಬೀದರಿನಿಂದ ಮಾವ ಕಳುಹಿಸಿದ ಜಂಬಿಟ್ಟಿಗೆ ಕಲ್ಲು, ಅಂಗಡಿಯಿಂದ ತಂದ ಹೊಳಪಿನ ಕಪ್ಪು ಗ್ರಾನೈಟ್. ಎರಡು ಬೇಸಿಗೆ, ಎರಡು ಮಳೆಗಾಲ ಅವುಗಳ ಮೇಲೆ ಓಡಾಡಿದೆವು, ಬಟ್ಟೆ ಒಗೆದೆವು, ಮೆಣಸಿನಕಾಯಿ ಒಣಗಿಸಿದೆವು.

ಮೊದಲು ಕರಿಗಲ್ಲಿನ ಮಾತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರಸ್ಥಭೂಮಿಯಲ್ಲಿ ನೆಲ ಬಿರಿದು ಲಾವಾ ಹರಿಯಿತು. ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿತು. ಬೇಗ ಆರಿದ್ದರಿಂದ ಹರಳುಗಳು ದೊಡ್ಡದಾಗಿ ಬೆಳೆಯಲಿಲ್ಲ. ಹಾಗಾಗಿಯೇ ಒಡೆದ ಕರಿಗಲ್ಲಿನಲ್ಲಿ ಗ್ರಾನೈಟಿನಂತೆ ಬಿಡಿ ಬಿಡಿ ಹರಳುಗಳು ಬರಿಗಣ್ಣಿಗೆ ಕಾಣುವುದಿಲ್ಲ, ಎಲ್ಲ ಒಂದೇ ಹಿಟ್ಟಿನಂತೆ ಇರುತ್ತದೆ. ಒಳಗೆ ಕಬ್ಬಿಣದ ಅಂಶವಿರುವುದರಿಂದ ಭಾರ ಹೆಚ್ಚು. ದಾರಕ್ಕೆ ಕಟ್ಟಿ ಇಳಿಬಿಟ್ಟ ಚಿಕ್ಕ ಅಯಸ್ಕಾಂತವನ್ನು ಹತ್ತಿರ ತಂದರೆ ಅದು ಕಲ್ಲಿನ ಕಡೆಗೆ ತುಸು ವಾಲುತ್ತದೆ. ಪರಸಿಯ ಹತ್ತಿರ ಅದು ಅಲುಗಲೂ ಇಲ್ಲ.

ನನ್ನ ಕಲ್ಲೊಂದರಲ್ಲಿ ಸಾಸಿವೆಯಿಂದ ಬಟಾಣಿಯಷ್ಟು ದೊಡ್ಡ ಬಿಳಿ ಚುಕ್ಕೆಗಳಿದ್ದವು. ಲಾವಾದೊಳಗಿನ ಗಾಳಿಗುಳ್ಳೆಗಳ ಜಾಗದಲ್ಲಿ ಆಮೇಲೆ ಖನಿಜ ತುಂಬಿಕೊಂಡ ಗುರುತು ಅದು. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಹನಿಹನಿಯಾಗಿ ಬಿಟ್ಟು ನೋಡಿದೆ. ಕೆಲವು ಚುಕ್ಕೆಗಳು ಬುರಬುರನೆ ನೊರೆಯೆದ್ದವು, ಅವು ಸುಣ್ಣದ ಖನಿಜ. ಉಳಿದವು ಸುಮ್ಮನಿದ್ದವು, ಸುತ್ತಲಿನ ಕಪ್ಪು ಭಾಗವೂ ಸುಮ್ಮನಿತ್ತು. ಅದೇ ಹನಿ ಶಹಾಬಾದ್ ಪರಸಿಯ ಮೇಲೆ ಬಿದ್ದದ್ದೇ ತಡ, ಕಲ್ಲೇ ಕುದಿಯುತ್ತಿರುವಂತೆ ಕಂಡಿತು. ಪರಸಿ ಸುಣ್ಣದ ಕಲ್ಲು. ಕಲಬುರಗಿ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ಬೆಳೆದದ್ದು ಆ ಸುಣ್ಣದ ಕಲ್ಲಿನಿಂದಲೇ. ರಾತ್ರಿ ಬಿದ್ದ ನಿಂಬೆಹೋಳೂ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಮಾಸಲು ಕಲೆ ಬಿಡುತ್ತದೆ. ಅಡುಗೆಮನೆಯ ಕಟ್ಟೆಗೆ ಪರಸಿ ಬೇಡವೆಂದು ಅಲ್ಲೇ ತೀರ್ಮಾನಿಸಿದೆ.

ಆದರೆ ಪರಸಿಯನ್ನು ತೆಗಳಲಾರೆ. ಗಣಿಯಿಂದಲೇ ಹಾಳೆ ಹಾಳೆಯಾಗಿ ಏಳುವ ಕಲ್ಲು ಅದು. ಕೆತ್ತುವ ಕೂಲಿ ಉಳಿಯುತ್ತದೆ, ಹಾಸುವುದು ಸಲೀಸು, ಕೈಗೆಟುಕುವ ಬೆಲೆ. ಕರಿಗಲ್ಲನ್ನು ಚಪ್ಪಟೆ ಮಾಡಲು ಕಲ್ಲುಕುಟಿಗರೊಬ್ಬರು ಎರಡು ದಿನ ಕುಳಿತರು. ಪೆಟ್ಟು ಬಿದ್ದಾಗಲೆಲ್ಲ ಖಣ್ ಎಂದು ಕಂಚಿನ ನಾದ. ಮಧ್ಯಾಹ್ನದ ಹೊತ್ತಿಗೆ ಉಳಿಯ ಮೊನೆ ಮೊಂಡಾಗಿ ಹೋಗಿತ್ತು. "ತಮ್ಮಾ, ಇದು ಕೆತ್ತುವಾಗ ಅಳಿಸುತ್ತದೆ, ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕದಲುವುದಿಲ್ಲ" ಎಂದರು ಅವರು. ಇಂಥ ಕಲ್ಲಿನ ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕಡಿದು ರಾಷ್ಟ್ರಕೂಟರು ಎಲ್ಲೋರದ ಕೈಲಾಸ ದೇವಾಲಯವನ್ನು ಬಿಡಿಸಿದರು ಎಂಬುದು ಆ ಎರಡು ದಿನ ನನ್ನ ತಲೆಯಿಂದ ಹೋಗಲೇ ಇಲ್ಲ.

ನೀರು ಕುಡಿಯುವುದರಲ್ಲಿ ಜಂಬಿಟ್ಟಿಗೆಗೆ ಎದುರಿಲ್ಲ. ಒಣ ತುಂಡುಗಳನ್ನು ತೂಗಿ, ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಸಿ ಮತ್ತೆ ತೂಗಿದೆ. ಕರಿಗಲ್ಲಿನ ತೂಕ ಹೆಚ್ಚುಕಡಿಮೆ ಅಷ್ಟೇ ಇತ್ತು. ಜಂಬಿಟ್ಟಿಗೆಯದು ಕೈಗೇ ಗೊತ್ತಾಗುವಷ್ಟು ಏರಿತ್ತು. ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ ಕಟ್ಟಿತು, ಅಂಚು ಉದುರಿತು. ಸೋಜಿಗವೆಂದರೆ ಬೀದರಿನ ಈ ಕೆಂಪು ಕಲ್ಲು ಕರಿಗಲ್ಲಿನ ಕೂಸೇ. ಲಕ್ಷಾಂತರ ವರ್ಷಗಳ ಮಳೆಗೆ ಬಸಾಲ್ಟ್ ಸವೆದು, ಬೇರೆ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಉಳಿದದ್ದು ಅದು. ಗಣಿಯಲ್ಲಿ ಮೆದು, ಗಾಳಿ ಸೋಕಿದ ಮೇಲೆ ಗಟ್ಟಿ. ಗೋಡೆಗೆ ಚೆನ್ನ; ಬೇಸಿಗೆಯಲ್ಲಿ ಬರಿಗಾಲಿಗೂ ಅದೇ ಹಿತ.

ಬರಿಗಾಲಿನ ಮಾತಿನಲ್ಲಿ ಕರಿಗಲ್ಲು ಸೋತಿತೆಂದೇ ಹೇಳಬೇಕು. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲ, ಕಾದ ಹೆಂಚೇ ಸರಿ. ಆದರೆ ಚಳಿಗಾಲದ ಸಂಜೆ ಅದೇ ಗುಣ ವರ. ದೀಪ ಹಚ್ಚುವ ಹೊತ್ತು ದಾಟಿದರೂ ಕಲ್ಲು ಬೆಚ್ಚಗಿರುತ್ತದೆ. ಅವ್ವ ಮಂಡಿನೋವೆಂದು ಅಲ್ಲಿಯೇ ಹೋಗಿ ಕೂರುತ್ತಾಳೆ.

ಅಂಗಡಿಯ ಕಪ್ಪು ಗ್ರಾನೈಟ್ ನಿಜವಾಗಿ ಗ್ರಾನೈಟೇ ಅಲ್ಲ. ಚಾಮರಾಜನಗರ ಕಡೆಯಿಂದ ಆ ಹೆಸರಿನಲ್ಲಿ ಬರುವುದು ಡಾಲೆರೈಟ್. ಅದೂ ಬಸಾಲ್ಟಿನಂಥದೇ ಶಿಲಾರಸ, ಆದರೆ ನೆಲದ ಬಿರುಕಿನೊಳಗೆ ತುಸು ನಿಧಾನವಾಗಿ ಆರಿದ್ದು, ನಮ್ಮ ಕರಿಗಲ್ಲಿಗಿಂತ ಬಹಳ ಹಳೆಯದು. ನಿಂಬೆ, ಎಣ್ಣೆ, ಹುಣಸೆ ಯಾವುದಕ್ಕೂ ಜಗ್ಗಲಿಲ್ಲ. ಸಾಬೂನು ನೀರು ಬಿದ್ದರೆ ಮಾತ್ರ ಕಾಲು ಜಾರುತ್ತದೆ. ಉಳಿ ಪೆಟ್ಟಿನ ಕರಿಗಲ್ಲಿನ ಮೇಲೆ ಎರಡು ವರ್ಷದಲ್ಲಿ ಯಾರೂ ಜಾರಲಿಲ್ಲ.

ಕಡೆಗೆ ಹಂಚಿಕೆ ಹೀಗಾಯಿತು. ಅಡುಗೆಮನೆಯ ಕಟ್ಟೆಗೆ ಡಾಲೆರೈಟ್, ಪಡಸಾಲೆಗೆ ಪರಸಿ, ಹಿತ್ತಲ ಗಿಡಗಳ ನಡುವಿನ ಕಾಲುದಾರಿಗೆ ಜಂಬಿಟ್ಟಿಗೆ. ಭಾರ ಬೀಳುವ, ನೀರು ನಿಲ್ಲುವ ಕಡೆಗಳೆಲ್ಲ, ಅಂದರೆ ಬುನಾದಿ, ಮೆಟ್ಟಿಲು, ಬಚ್ಚಲಿನ ಹಾಸು, ದನದ ಕೊಟ್ಟಿಗೆ ಕರಿಗಲ್ಲಿನ ಪಾಲಿಗೆ ಬಂದವು. ಗೋಳಗುಮ್ಮಟದಲ್ಲೂ ಹೊರೆ ಹೊರುವ ಗೋಡೆಗೆ ಕರಿಗಲ್ಲು, ಮೇಲಿನ ಗುಮ್ಮಟಕ್ಕೆ ಇಟ್ಟಿಗೆ. ಈರುಳ್ಳಿಯಂತೆ ಸಿಪ್ಪೆ ಏಳುತ್ತಿದ್ದ ಶಿಥಿಲ ಕಲ್ಲುಗಳನ್ನು ಬೇರ್ಪಡಿಸಿ, ಚೂರುಪಾರು ಗಟ್ಟಿ ತುಂಡುಗಳನ್ನಷ್ಟೇ ಖಡಿಗೆ ಕೊಟ್ಟೆ. ಅದರಲ್ಲಿ ಬೇಸರವಿಲ್ಲ, ಗ್ರಾನೈಟ್ ಜಲ್ಲಿಗಿಂತ ಬಸಾಲ್ಟ್ ಖಡಿಗೆ ಡಾಂಬರು ಚೆನ್ನಾಗಿ ಅಂಟುತ್ತದೆ, ಮಳೆನೀರಿಗೆ ಬೇಗ ಬಿಡುವುದಿಲ್ಲ.

ಒಂದು ಕಲ್ಲಿನ ಮೇಲೆ ಹಳೆಯ ಉಳಿಯ ಓರೆ ಗೆರೆಗಳು ಹಾಗೆಯೇ ಇದ್ದವು. ಅದನ್ನು ಕೆತ್ತಿಸದೆ ತೊಟ್ಟಿಯ ಪಕ್ಕ ಒಗೆಯುವ ಕಲ್ಲಾಗಿ ಹೂಡಿಸಿದ್ದೇನೆ. ಆ ಗೆರೆಗಳಿಗೆ ಬಟ್ಟೆಯ ಕೊಳೆ ಬೇಗ ಬಿಡುತ್ತದೆ ಎನ್ನುತ್ತಾಳೆ ಅವ್ವ.