ಆ ಟಿಕ್ ಟಿಕ್ ಟ್ಯಾಪೆಟ್ ಸದ್ದಲ್ಲ

ನನ್ನದು 2002ರ ಹೋಂಡಾ ಸಿಟಿ, 1.5 ವಿಟೆಕ್. ಈ ಗಾಡಿ ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಾಗಿಲ್ಲ. 106 ಹಾರ್ಸ್‌ಪವರ್, ಹಗುರ ಬಾಡಿ. ವಯಸ್ಸಾದ ಗಾಡಿಯಾದರೂ ಇವತ್ತಿಗೂ ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಅಂಥ ಗಾಡಿಗೆ ಹೆಡರ್ ಹಾಕಿಸಿದೆ. ಆಮೇಲೆ ಎರಡು ತಿಂಗಳು ನನ್ನ ಆರು ವರ್ಷದ ಮಗಳಿಗೆ ಕಾರಿನ ಹೊಗೆ ಕುಡಿಸಿದೆ, ಗೊತ್ತಿಲ್ಲದೆ.

ಹೆಡರ್ ಅಂದರೆ ಏನು ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. ಇಂಜಿನ್ನಿಂದ ಹೊಗೆ ಹೊರಗೆ ಬರುವ ಜಾಗದಲ್ಲಿ ಕಂಪನಿಯವರು ಕೊಟ್ಟ ಗಿಡ್ಡ ಮ್ಯಾನಿಫೋಲ್ಡ್ ತೆಗೆದು, ಪ್ರತಿ ಸಿಲಿಂಡರಿಗೂ ಉದ್ದನೆಯ ಬೇರೆ ಬೇರೆ ಪೈಪ್ ಹಾಕುವುದು. ಈ ಇಂಜಿನ್ನಿನಲ್ಲಿ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ಒಂದನೇ ಪೈಪನ್ನು ನಾಲ್ಕನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಕೂಡಿಸಿ, ಆಮೇಲೆ ಎರಡನ್ನೂ ಒಂದು ಮಾಡಿದರೆ ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ. ಪೈಪುಗಳ ಉದ್ದ ಸರಿಯಿದ್ದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

"15 ಹಾರ್ಸ್‌ಪವರ್ ಗ್ಯಾರಂಟಿ ಸಾರ್, 304 ಸ್ಟೀಲು, ನಾಲ್ಕೂ ಪೈಪು ಒಂದೇ ಉದ್ದ" ಅಂದರು ಗ್ಯಾರೇಜಿನವರು. 304 ಅಂದರೆ ಒಳ್ಳೆ ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಫಿಟ್ಟಿಂಗ್ ಸೇರಿ 32 ಸಾವಿರ. ಟರ್ಬೊ ಇಲ್ಲದ ಒಂದೂವರೆ ಲೀಟರ್ ಇಂಜಿನ್ನಿಗೆ ಬರೀ ಹೆಡರ್ ಹಾಕಿದರೆ ನಾಲ್ಕೈದು ಹಾರ್ಸ್‌ಪವರ್ ಬಂದರೂ ದೊಡ್ಡದು ಅಂತ ನನಗೂ ಗೊತ್ತಿತ್ತು. ಆದರೂ ತಲೆ ಆಡಿಸಿದೆ. ಆ ಸೌಂಡಿನ ಆಸೆ, ಇನ್ನೇನು. ಹೊಗೆಯಲ್ಲಿನ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ತೆಗೆಯಬಾರದು ಅಂತ ಹೇಳಿದ್ದೆ, ಅದೊಂದನ್ನು ಕೇಳಿದರು.

ಬೆಳಿಗ್ಗೆ ಗಾಡಿ ಬಿಟ್ಟೆ, ಸಂಜೆ ಸಿಕ್ಕಿತು. ಮ್ಯಾನಿಫೋಲ್ಡನ್ನು ಇಂಜಿನ್ನಿಗೆ ಬಿಗಿಯುವ, ಇಪ್ಪತ್ತು ವರ್ಷ ಕಾದು ಕಾದು ಕಚ್ಚಿಕೊಂಡ ಸ್ಟಡ್‌ಗಳು ಅಷ್ಟು ಬೇಗ ಬಿಟ್ಟುಕೊಟ್ಟವಾ ಅಂತ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಬೆಂಗಳೂರಿನ ನೈಸ್ ರೋಡಿನಲ್ಲಿ ಒಂದು ರೌಂಡ್ ಹೊಡೆದೆ. 5,000 ಆರ್‌ಪಿಎಂ ದಾಟಿದ ಮೇಲೆ ಎಂಥಾ ಸದ್ದು ಅಂತೀರಿ! ಸುಳ್ಳು ಯಾಕೆ ಹೇಳಲಿ, ಒಂದು ವಾರ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

ಎರಡನೇ ವಾರ ಶುರುವಾಯಿತು ಆ ಟಿಕ್ ಟಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗಿ ಕೇಳುತ್ತಿತ್ತು. ಐದು ನಿಮಿಷ ಓಡಿಸಿದರೆ ಕಮ್ಮಿಯಾಗುತ್ತಿತ್ತು. ಗ್ಯಾರೇಜಿಗೆ ಫೋನ್ ಮಾಡಿದರೆ, "ಅದು ಟ್ಯಾಪೆಟ್ ಸೌಂಡ್ ಸಾರ್, ಹಳೇ ಗಾಡಿ ಅಲ್ವಾ" ಅಂದರು. ಟ್ಯಾಪೆಟ್ ಅಂದರೆ ಇಂಜಿನ್ನಿನ ವಾಲ್ವ್ ತೆರೆಯುವ ಭಾಗ. ನಂಬಿದೆ. ಅಲ್ಲೇ ತಪ್ಪಿದ್ದು. ಫ್ಲ್ಯಾಂಜ್, ಅಂದರೆ ಪೈಪುಗಳನ್ನು ಇಂಜಿನ್ನಿಗೆ ಕೂರಿಸುವ ಚಪ್ಪಟೆ ಪಟ್ಟಿ, ಅದರ ಹತ್ತಿರ ಸಂದಿ ಇದ್ದರೆ ಇಂಜಿನ್ ತಣ್ಣಗಿರುವಾಗ ಸದ್ದು ಜೋರು. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಸದ್ದೂ ಅಡಗುತ್ತದೆ. ಹೊಗೆ ಸೋರುವುದು ಮಾತ್ರ ಪೂರ್ತಿ ನಿಲ್ಲುವುದಿಲ್ಲ.

ಮೈಲೇಜು 13ರಿಂದ ಎಂಟೂವರೆಗೆ ಇಳಿಯಿತು. ಎಮಿಷನ್ ಟೆಸ್ಟ್ ಫೇಲ್. ಪ್ಲಗ್ ಬಿಚ್ಚಿದರೆ ಹಂಚಿನ ತಳದ ಹಾಗೆ ಕರ್ರಗೆ. ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಹೊಸದು ಹಾಕಿಸಿದೆ, ದುಡ್ಡು ದಂಡ. ಸೆನ್ಸರ್ ಸರಿಯಾಗೇ ಇತ್ತು. ಸಂದಿಯಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಹೊಗೆಯ ಎರಡು ಹೊಡೆತದ ನಡುವೆ ಹೊರಗಿನ ಗಾಳಿ ಒಳಗೂ ನುಗ್ಗುತ್ತದೆ. ಆ ಗಾಳಿ ಕಂಡ ಸೆನ್ಸರ್ "ಪೆಟ್ರೋಲ್ ಸಾಲದು" ಅನ್ನುತ್ತದೆ. ಇಂಜಿನ್ನಿನ ಕಂಪ್ಯೂಟರ್ ಇಸಿಯು ಪಾಪ ನಂಬಿ ಇನ್ನಷ್ಟು ಸುರಿಯುತ್ತದೆ. ಪೆಟ್ರೋಲ್ ಹೆಚ್ಚಾದಷ್ಟೂ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಹೆಚ್ಚು. ನನ್ನ ಗಾಡಿಯಲ್ಲಿ ಅದು ಸೋರುತ್ತಿದ್ದದ್ದು ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ. ಕ್ಯಾಟ್ ಉಳಿಸಿಕೊಂಡೆ ಅಂತ ನಾನು ಬೀಗುತ್ತಿದ್ದೆನಲ್ಲ, ಆ ಹೊಗೆ ಅದರ ಹತ್ತಿರಕ್ಕೇ ಹೋಗುತ್ತಿರಲಿಲ್ಲ.

ಎಲ್ಲಿಗೆ ಹೋಗುತ್ತಿತ್ತು? ಬಾನೆಟ್ ಒಳಗೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅದು ಬಾನೆಟ್ಟಿನ ಹಿಂದಿನ ಅಂಚಿನಿಂದ ಮೇಲೇಳುತ್ತದೆ. ಬ್ಲೋವರ್ ಗಾಳಿ ಎಳೆದುಕೊಳ್ಳುವ ಜಾಲರಿ ಇರುವುದೂ ಅಲ್ಲೇ, ಮುಂದಿನ ಗಾಜಿನ ಬುಡದಲ್ಲಿ.

ಮಗಳು ಸ್ಕೂಲಿನಿಂದ ಬರುವಾಗ "ತಲೆ ನೋಯ್ತಿದೆ ಅಪ್ಪಾ" ಅನ್ನಲು ಶುರು ಮಾಡಿದಳು. ಒಂದು ದಿನ ವಾಂತಿ ಮಾಡಿಕೊಂಡಳು. ಬಿಸಿಲು, ಟ್ರಾಫಿಕ್ಕು ಅಂದುಕೊಂಡೆವು. ಹೆಂಡತಿ ಮಾತ್ರ, "ಬಸ್ಸಲ್ಲಿ ಬಂದ ದಿನ ಚೆನ್ನಾಗೇ ಇರ್ತಾಳಲ್ಲಾ ರೀ" ಅಂದಳು. ಆ ಮಾತಿಗೆ ನನ್ನ ಎದೆ ಧಸಕ್ಕೆಂದಿತು.

ನನ್ನ ಸೋದರಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಭಾನುವಾರ ಬೆಳಿಗ್ಗೆ ಬಂದರು. ಸ್ಟಾರ್ಟ್ ಮಾಡಿಸಿ ಎರಡು ನಿಮಿಷ ಕಿವಿ ಕೊಟ್ಟು ಕೇಳಿದರು.

"ಒಂದು ಊದುಬತ್ತಿ ತಗೊಂಡು ಬಾ ಅಳಿಯಾ."

"ಯಾಕೆ ಮಾವ?"

"ನಿನ್ನ ಗಾಡಿಗೆ ಪೂಜೆ ಮಾಡೋಕೆ. ತಗೊಂಡು ಬಾರೋ."

ಊದುಬತ್ತಿ ಹಚ್ಚಿ, ಫ್ಯಾನಿಗೆ ಕೈ ತಾಗದಂತೆ ಫ್ಲ್ಯಾಂಜಿನ ಉದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋದರು. ಎರಡು, ಮೂರನೇ ಸಿಲಿಂಡರ್ ಹತ್ತಿರ ಹೊಗೆ ನೆಟ್ಟಗೆ ಏಳುತ್ತಿತ್ತು. ನಾಲ್ಕನೆಯದರ ತುದಿಗೆ ಬಂದ ಕೂಡಲೇ ಪುಸ್ ಪುಸ್ ಅಂತ ಚದುರಿತು, ಯಾರೋ ಊದಿದ ಹಾಗೆ.

ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಮಾವ ಆ ತುದಿಯ ನಟ್ಟಿಗೆ ಸ್ಪ್ಯಾನರ್ ಹಾಕಲು ಹೋದರು. ಸ್ಪ್ಯಾನರ್ ಬೇಕಾಗಲೇ ಇಲ್ಲ. ನಟ್ ಬೆರಳಿಗೇ ಬಂತು. ಹಿಂದೆ ಸ್ಟಡ್ಡೇ ಇಲ್ಲ! ಬಿಚ್ಚುವಾಗ ಸ್ಟಡ್ ಇಂಜಿನ್ನಿನ ಮೇಲ್ಭಾಗದ ಹೆಡ್ಡಿನೊಳಗೇ ಮುರಿದಿದೆ. ಅದನ್ನು ತೆಗೆಯುವ ತಾಪತ್ರಯ ಯಾರಿಗೆ ಬೇಕು ಅಂತ, ನೋಡಲು ಚೆಂದ ಕಾಣಲಿ ಅಂತ, ಬರೀ ನಟ್ಟನ್ನು ಕೆಂಪು ಸಿಲಿಕೋನ್ ಪೇಸ್ಟ್ ಹಚ್ಚಿ ಅಂಟಿಸಿದ್ದಾರೆ. ಆ ಪೇಸ್ಟ್ ತಡೆಯುವುದು ಸುಮಾರು 300 ಡಿಗ್ರಿ. ಅಲ್ಲಿ ಬರುವ ಹೊಗೆ ಗಾಡಿ ಜೋರಾಗಿ ಓಡುವಾಗ 700, 800 ಡಿಗ್ರಿ.

ಹೆಡರ್ ಕೆಳಗಿಳಿಸಿದ ಮೇಲೆ ಉಳಿದದ್ದೂ ಹೊರಬಂತು. ಫ್ಲ್ಯಾಂಜ್ ಆರೇ ಮಿಲಿಮೀಟರ್ ದಪ್ಪ, ಅದೂ ಸೊಟ್ಟ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟರೆ ಕೆಳಗಿಂದ ಬೆಳಕು ಕಾಣುತ್ತಿತ್ತು. ದಾರ ಹಾಕಿ ಪೈಪುಗಳನ್ನು ಅಳೆದೆ. ಒಂದನೆಯದಕ್ಕಿಂತ ನಾಲ್ಕನೆಯದು ಅರ್ಧ ಗೇಣು ಜಾಸ್ತಿ. 304 ಅಂದಿದ್ದರಲ್ಲ, ಅದೂ ನೋಡೋಣ ಅಂತ ಗೇಟು, ರೈಲಿಂಗ್ ಮಾಡುವ ಅಂಗಡಿಗೆ ಹೋದೆ. ಮ್ಯಾಗ್ನೆಟ್ ಅಂಟಲಿಲ್ಲ ಅಂತ ಖುಷಿಪಡಬೇಡಿ, ಅಗ್ಗದ 202 ಸ್ಟೀಲಿಗೂ ಅಂಟುವುದಿಲ್ಲ. ಅವರ ಹತ್ತಿರ ಒಂದು ಸಣ್ಣ ಬಾಟಲಿ ಲಿಕ್ವಿಡ್ ಇರುತ್ತದೆ. ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ಮುಟ್ಟಿಸಿದರೆ 202 ಆಗಿದ್ದಲ್ಲಿ ಹನಿ ಕೆಂಪಾಗುತ್ತದೆ. ನನ್ನದು ಕುಂಕುಮದಂತೆ ಕೆಂಪಾಯಿತು. ಅಂಗಡಿಯವರು ನನ್ನ ಮುಖ ನೋಡಿ ದುಡ್ಡೇ ತಗೊಳ್ಳಲಿಲ್ಲ.

ಆಮೇಲೆ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಒಂದು ಮೀಟರ್ ತರಿಸಿದೆ. ರಿಪೇರಿಗೆ ಕೊಡುವ ಮುಂಚೆ ಹೆಡರನ್ನು ಮತ್ತೆ ಕೂರಿಸಿ, ಒಬ್ಬನೇ, ಡೋರ್ ಮುಚ್ಚಿ ಹೊರಗೆ ನಿಂತು ನೋಡಿದೆ. ಐಡಲ್‌ನಲ್ಲಿ, ಬ್ಲೋವರ್ ಹಾಕಿ, ಕಿಟಕಿ ಏರಿಸಿದರೆ ಹತ್ತು ನಿಮಿಷಕ್ಕೆ ಸೀಟಿನ ಮೇಲೆ 70 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 70 ಪಾಲು. ಡಬ್ಲ್ಯುಎಚ್‌ಒ ಹೇಳುವ ಮಿತಿ ಒಂದು ಗಂಟೆಗೆ ಸರಾಸರಿ ಸುಮಾರು 30. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲಿ ಅದಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಇದು ಕೂತುಬಿಡುತ್ತದೆ. ಮಗಳ ಸೀಟಿನ ಪಕ್ಕ ಇಟ್ಟಿದ್ದ ಮೀಟರಿನ ಆ ಅಂಕಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮುರಿದ ಸ್ಟಡ್ ತೆಗೆಯಲು ಡ್ರಿಲ್ ಹಾಕಬೇಕಾಯಿತು. ಹೆಡ್ ಅಲ್ಯೂಮಿನಿಯಮ್ಮಿನದು, ಸ್ವಲ್ಪ ಸೊಟ್ಟ ಹೋದರೂ ಕೆಲಸ ಕೆಟ್ಟಿತು. ಲೇತಿನವರು ಹೆಲಿಕಾಯಿಲ್, ಅಂದರೆ ತೂತಿನೊಳಗೆ ಕೂರುವ ಸ್ಪ್ರಿಂಗಿನಂಥ ಸುರುಳಿ, ಹಾಕಿ ಹೊಸ ಥ್ರೆಡ್ ಕೂರಿಸಿಕೊಟ್ಟರು. ಜೆ.ಸಿ. ರೋಡಿನಲ್ಲಿ ಸ್ಟಡ್, ಸ್ಟೀಲ್ ಗ್ಯಾಸ್ಕೆಟ್ ತಂದೆ. ಬಿಸಿ ತಡೆಯುವ ತಗಡು, ಹೀಟ್ ಶೀಲ್ಡನ್ನು, ಗ್ಯಾರೇಜಿನವರು ಎಸೆದಿದ್ದರಿಂದ ರೇಡಿಯೇಟರ್ ಫ್ಯಾನಿನ ವೈರು ಸುಟ್ಟಿತ್ತು, ಅದೂ ಒಂದು ಖರ್ಚು. ಇನ್ನು ಕಂಪನಿಯ ಮ್ಯಾನಿಫೋಲ್ಡ್ ಕೇಳಿದರೆ ಗ್ಯಾರೇಜಿನವರು "ಗುಜರಿಗೆ ಹೋಯ್ತು ಸಾರ್" ಅಂದರು! ಶಿವಾಜಿನಗರದಲ್ಲಿ ಮೂರು ಶನಿವಾರ ಸುತ್ತಿ, ಬಿರುಕಿಲ್ಲದ್ದೊಂದನ್ನು ಹುಡುಕಿದೆ. ಎಲ್ಲಾ ಸೇರಿ 41 ಸಾವಿರ, ಹೆಡರಿನ 32 ಬಿಟ್ಟು.

ಇಷ್ಟಾದ ಮೇಲೂ ಹಾಕಿಸಲೇಬೇಕು ಅನ್ನುವವರು ಇರುತ್ತೀರಿ, ನನಗೆ ಗೊತ್ತು, ನಾನೂ ಅದೇ ಜಾತಿಯವನು. ಆರ್‌ಸಿಯಲ್ಲಿ ಇದ್ದದ್ದಕ್ಕೆ ಹೊಂದದ ಬದಲಾವಣೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಬರುತ್ತದೆ. ಸದ್ದು, ಹೊಗೆ ಮಿತಿ ಮೀರಿದರೆ 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲವೇ ದಂಡ 10 ಸಾವಿರದವರೆಗೆ. ಅದನ್ನು ಬದಿಗಿಟ್ಟರೂ, ಸ್ಟಡ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ. ಮುರಿದರೆ ಮುರಿಯಲಿ, ಕಣ್ಣ ಮುಂದೆ ಮುರಿಯಲಿ. ಹಳೇ ಮ್ಯಾನಿಫೋಲ್ಡ್, ಹೀಟ್ ಶೀಲ್ಡ್ ಎರಡನ್ನೂ ಅವತ್ತೇ ಡಿಕ್ಕಿಯಲ್ಲಿ ಹಾಕಿಕೊಂಡು ಬನ್ನಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಕೇಳಿ. ಟಿಕ್ ಟಿಕ್ ಇದ್ದರೆ ಯಾರು ಏನೇ ಹೇಳಲಿ, ಊದುಬತ್ತಿ ಹಚ್ಚಿ.

ಗಾಡಿ ಈಗ ಮೊದಲಿನಂತೆ ಮೆತ್ತಗೆ ಓಡುತ್ತಿದೆ, ಮೀಟರ್ ಸೊನ್ನೆ ತೋರಿಸುತ್ತದೆ. ಮಗಳಿಗೆ ತಲೆನೋವಿಲ್ಲ. ಆದರೂ ಸಿಗ್ನಲ್ ಬಂದರೆ ಸಾಕು, ಹೆಂಡತಿ ಮಾತಾಡದೆ ಹಿಂದಿನ ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸುತ್ತಾಳೆ. ಏಸಿ ಹಾಕಿದ್ದರೂ ನಾನು ಏನೂ ಅನ್ನುವುದಿಲ್ಲ.